ಟೀಚರನ್ನು ಕೇಳಿ: ‘ಕೂತಲ್ಲೇ ಹೋರಾಟ’

ಪ್ರಶ್ನೆ: ಟೀಚರ್, ನಾನೂ ನನ್ನ ಗೆಳತಿಯೂ ಒಂದೇ ಕುಟುಂಬಶ್ರೀ ಮಹಿಳಾ ಸಂಘದಲ್ಲಿದ್ದೇವೆ. ಮಕ್ಕಳ ಕನ್ನಡ ಶಾಲೆಗೆ ಕನ್ನಡ ಗೊತ್ತಿರುವ ಟೀಚರೇ ಬೇಕು ಅಂತ ಒಂದು ವರ್ಷದಿಂದ ಓಡಾಡುತ್ತಿದ್ದೇವೆ. ನಿಜ ಹೇಳಬೇಕೆಂದರೆ ಓಡಾಡುವವಳು ಅವಳು. ನನಗೆ ಎರಡು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಮನವಿ ಬರೆಯುವುದು, ಅವಳು ಸಭೆಯಲ್ಲಿ ಆಡಬೇಕಾದ ಮಾತು ಬರೆದುಕೊಡುವುದು, ಇಷ್ಟೇ ನನ್ನ ಕೆಲಸ. ಮೊನ್ನೆ ಪೇಪರಿನಲ್ಲಿ ಅವಳ ಫೋಟೋ ಬಂತು. ‘ನಿನ್ನದು ಕೂತಲ್ಲೇ ಹೋರಾಟ’ ಅಂತ ನಮ್ಮವರು ನಗಾಡಿದರು. ಹೋದ ತಿಂಗಳು ನೀವು, ಹೆಂಗಸರಿಗೆ ಮತದ ಹಕ್ಕಿಲ್ಲದ ಕಾಲದಲ್ಲಿ ಅಮೆರಿಕದ ಸೂಸನ್ ಆಂಟನಿ ಮತ ಹಾಕಿ ಅರೆಸ್ಟ್ ಆದದ್ದನ್ನು ಬರೆದಿದ್ದಿರಿ. ಅಂಥವರ ಹಿಂದೆ ನನ್ನಂಥವರು ಯಾರಾದರೂ ಇದ್ದರಾ?
– ಓದುಗಿ, ಬದಿಯಡ್ಕ

ಉತ್ತರ: ಇದ್ದರು. ಅವರಿಗೆ ಎರಡಲ್ಲ, ಏಳು ಮಕ್ಕಳು.

ಬದಿಯಡ್ಕದವಳು ಅಂದ ಮೇಲೆ ನೀನು ನನ್ನ ಕ್ಲಾಸಿನಲ್ಲೇ ಕೂತಿದ್ದಿರಬಹುದು. ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ, ಬೇಸರ ಮಾಡಬೇಡ.

ಅವರ ಹೆಸರು ಎಲಿಜಬೆತ್ ಕ್ಯಾಡಿ ಸ್ಟ್ಯಾಂಟನ್. 1840ರಲ್ಲಿ, ಮದುವೆಯಾದ ಹೊಸತರಲ್ಲಿ, ಗಂಡನ ಜೊತೆ ಲಂಡನ್ನಿಗೆ ಹೋಗಿದ್ದರು. ಅಲ್ಲಿ ಗುಲಾಮಗಿರಿ ವಿರೋಧಿ ಸಮ್ಮೇಳನ. ಅಮೆರಿಕದಿಂದ ಪ್ರತಿನಿಧಿಗಳಾಗಿ ಬಂದ ಹೆಂಗಸರನ್ನು ಸಭೆಗೆ ಸೇರಿಸಲಿಲ್ಲ. ಪಕ್ಕದಲ್ಲಿ ಕೂತು ಸುಮ್ನೆ ಕೇಳಿ ಅಂದರು. ಹಾಗೆ ಕೂತವರಲ್ಲಿ ಲುಕ್ರೀಷಿಯಾ ಮಾಟ್ ಅನ್ನುವ ಹಿರಿಯರೊಬ್ಬರಿದ್ದರು. ಇಬ್ಬರಿಗೂ ಸ್ನೇಹವಾಯಿತು. ಎಂಟು ವರ್ಷ ಕಳೆದು, 1848ರ ಜುಲೈ 19 ಮತ್ತು 20ರಂದು, ಇವರೂ ಇನ್ನು ಕೆಲವು ಗೆಳತಿಯರೂ ಸೇರಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಹೆಂಗಸರ ಹಕ್ಕಿನ ಸಭೆ ಕರೆದರು. ಮುನ್ನೂರರಷ್ಟು ಜನ ಬಂದರು. ಮತದ ಹಕ್ಕು ಬೇಕು ಅನ್ನುವ ಠರಾವಿಗೆ ಲುಕ್ರೀಷಿಯಾ ಅವರೇ ಹಿಂಜರಿದರು, ಜನ ನಗುತ್ತಾರೆ ಅಂತ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಎದ್ದು ಬೆಂಬಲಿಸಿದ ಮೇಲೆ ಅದು ಪಾಸಾಯಿತು. ಸಭೆಯ ಘೋಷಣೆಗೆ 68 ಹೆಂಗಸರೂ 32 ಗಂಡಸರೂ ಸಹಿ ಹಾಕಿದರು. ಸೂಸನ್ ಆ ಸಭೆಯಲ್ಲಿ ಇರಲೇ ಇಲ್ಲ.

ಅವರಿಬ್ಬರು ಮೊದಲು ಕಂಡದ್ದು 1851ರಲ್ಲಿ, ಅದೇ ಊರಿನ ಒಂದು ಬೀದಿಯ ತಿರುವಿನಲ್ಲಿ. ಸೂಸನ್ ಏನೋ ಸಭೆಗೆಂದು ಬಂದಿದ್ದರು. ಎಲಿಜಬೆತ್‌ಗೆ ಅವರು ಕಂಡ ಕೂಡಲೇ ಹಿಡಿಸಿದರು. ಆದರೂ ಊಟಕ್ಕೆ ಕರೆಯದೆ ಮನೆಗೆ ನಡೆದುಬಿಟ್ಟರು. ಮುದುಕಿಯಾದ ಮೇಲೆ ಆತ್ಮಕಥೆಯಲ್ಲಿ ಅದನ್ನು ನೆನೆದಿದ್ದಾರೆ: ಯಾಕೆ ಕರೆಯಲಿಲ್ಲವೋ, ಮನೆಯಲ್ಲಿ ಹುಡುಗರು ಏನು ಲೂಟಿ ಮಾಡುತ್ತಿದ್ದಾರೋ ಅನ್ನುವುದೇ ತಲೆಯಲ್ಲಿತ್ತೋ ಏನೋ ಅಂತ. ನಮ್ಮ ಕಡೆ ಬೆಲ್ಲ-ನೀರು ಕೊಡದೆ ಕಳಿಸಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಆದರೆ ಆ ತಲೆಬಿಸಿ ಮಾತ್ರ ನಿನಗೆ ಗೊತ್ತಿರುವುದೇ ಅಲ್ವಾ?

ಸೂಸನ್ ನನ್ನ ಹಾಗೆ ಟೀಚರ್. ಮದುವೆಯಾಗಲಿಲ್ಲ. ಬ್ಯಾಗು ಹಿಡಿದು ಹೊರಟರೆ ತಿಂಗಳುಗಟ್ಟಲೆ ತಿರುಗಾಟ. ಧೈರ್ಯ ಇತ್ತು, ಲೆಕ್ಕಾಚಾರ ಇತ್ತು, ಹಠ ಬೇಕಾದಷ್ಟಿತ್ತು. ಪೆನ್ನು ಹಿಡಿದರೆ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಎಲಿಜಬೆತ್‌ಗೆ ಬರೆಯುವುದು ನೀರು ಕುಡಿದಷ್ಟು ಸಲೀಸು, ಆದರೆ ಹೊಸ್ತಿಲು ದಾಟುವ ಹಾಗಿಲ್ಲ. 1856ರಲ್ಲಿ ಸೂಸನ್ ಶಿಕ್ಷಕರ ಸಮ್ಮೇಳನವೊಂದರಲ್ಲಿ ಭಾಷಣ ಮಾಡಬೇಕಿತ್ತು. ಹುಡುಗ ಹುಡುಗಿಯರು ಒಟ್ಟಿಗೆ ಕಲಿಯಬೇಕು ಅನ್ನುವುದು ವಿಷಯ. ದಿನ ಹತ್ತಿರ ಬಂತು, ಒಂದು ಸಾಲೂ ಬರೆದಾಗಿಲ್ಲ. ಎಲಿಜಬೆತ್‌ಗೆ ಕಾಗದ ಬರೆದರು. ತೊಡೆಯ ಮೇಲೊಂದು ಕೂಸು, ಕಾಲ ಬುಡದಲ್ಲೊಂದು, ಸುತ್ತ ನಾಲ್ಕು ಹುಡುಗರು ಶಿಳ್ಳೆ ಹೊಡೆದು ಅಮ್ಮಾ ಅಮ್ಮಾ ಅಂತ ಕೂಗುತ್ತಿದ್ದರೂ ಸರಿ, ದಯವಿಟ್ಟು ಕೂತು ಬರೆದುಕೊಡು ಅಂತ. ಎಲಿಜಬೆತ್ ಉತ್ತರ ಬಂತು: ಇಲ್ಲಿಗೇ ಬಾ. ನೀನು ಮಗುವನ್ನು ಎತ್ತಿಕೊಂಡು ಪುಡಿಂಗ್ ಮಾಡುವುದಾದರೆ ನಾನು ಭಾಷಣಕ್ಕೆ ಕೈಹಾಕುತ್ತೇನೆ.

ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಪುಡಿಂಗ್ ಅಂದರೆ ನಮ್ಮ ಪಾಯಸದ ಹಾಗೆ ಒಂದು ಸಿಹಿ, ಕಲಕುತ್ತಲೇ ಇರಬೇಕು. ಎಲಿಜಬೆತ್ ಗಂಡ ಹೆನ್ರಿ ತಮಾಷೆ ಮಾಡುತ್ತಿದ್ದರಂತೆ: ಸೂಸನ್ ಪುಡಿಂಗ್ ಕಲಕುತ್ತಾಳೆ, ನೀನು ಸೂಸನ್‌ಳನ್ನು ಕಲಕುತ್ತೀ, ಆಮೇಲೆ ಸೂಸನ್ ಲೋಕವನ್ನೇ ಕಲಕುತ್ತಾಳೆ. ನಿಮ್ಮವರ ‘ಕೂತಲ್ಲೇ ಹೋರಾಟ’ಕ್ಕಿಂತ ಇದು ಎಷ್ಟೋ ಒಳ್ಳೆಯ ತಮಾಷೆ, ಓದಿ ಹೇಳು. ಎಲಿಜಬೆತ್ ಮಾತು ಇನ್ನೂ ಚೊಕ್ಕ: ಸಿಡಿಲನ್ನು ಕಾಯಿಸಿ ಬಡಿದವಳು ನಾನು, ಎಸೆದವಳು ಅವಳು.

ಎಸೆದ ಸಿಡಿಲು ಎಲ್ಲಿಗಾದರೂ ತಾಗಿತಾ ಅಂತ ಕೇಳಬಹುದು. ಆಗ ಅಲ್ಲಿ ಮದುವೆಯಾದ ಹೆಂಗಸು ದುಡಿದ ಹಣ ಗಂಡನದು. ಮಕ್ಕಳ ಮೇಲಿನ ಹಕ್ಕೂ ಅವನದೇ. ಸೂಸನ್ ಹಿಮ ಬೀಳುವ ಚಳಿಯಲ್ಲಿ ಊರೂರು ಸುತ್ತಿ, ಮನೆಮನೆಯ ಬಾಗಿಲು ತಟ್ಟಿ ಸಹಿ ಕೂಡಿಸಿದರು. ಎಲಿಜಬೆತ್ ಶಾಸನಸಭೆಗೆ ಭಾಷಣಗಳನ್ನು ಬರೆದರು. ವರ್ಷಗಟ್ಟಲೆ ಇದೇ ಕೆಲಸ. 1860ರಲ್ಲಿ ನ್ಯೂಯಾರ್ಕಿನ ಕಾನೂನು ಬದಲಾಯಿತು. ಹೆಂಗಸಿನ ಸಂಬಳ ಹೆಂಗಸಿಗೇ, ಮಕ್ಕಳ ಮೇಲೆ ಇಬ್ಬರಿಗೂ ಹಕ್ಕು. ಮಕ್ಕಳ ವಿಷಯವನ್ನು ಎರಡೇ ವರ್ಷದಲ್ಲಿ ವಾಪಸು ತೆಗೆದರು, ಅದು ಬೇರೆ ಸಂಕಟ.

ಈಗ ನನ್ನದೊಂದು ಮಾತು. ಇದನ್ನು ಎಲ್ಲೂ ಬರೆದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವರ್ಷ ಓಣಂ ಪರೀಕ್ಷೆ ಮುಗಿದರೂ ನಮ್ಮ ಮಕ್ಕಳಿಗೆ ಕನ್ನಡ ಪಾಠಪುಸ್ತಕ ಬಂದಿರಲಿಲ್ಲ. ನಾನು ಬಾಯಿ ಜೋರು. ನನ್ನ ಜೊತೆಯ ಟೀಚರ್ ಒಬ್ಬರು ಮಾತು ಕಮ್ಮಿ, ಬರವಣಿಗೆ ಚಂದ. ಅಂಗಳದಲ್ಲಿ ಅಡಕೆ ಒಣಗಲು ಹಾಕಿದ್ದ ಹೊತ್ತು. ಅವರು ಜಗಲಿಯಲ್ಲಿ ಕೂತು, ಮೋಡ ಬಂದಾಗೆಲ್ಲ ಎದ್ದು ಅಡಕೆ ರಾಶಿ ಮಾಡಿ, ಮತ್ತೆ ಕೂತು ಮನವಿ ಬರೆದರು. ನಾಲ್ಕು ಪುಟ, ಒಂದು ಚಿತ್ತಿಲ್ಲ. ನಾನು ಅದನ್ನು ಹಿಡಿದು ಬಸ್ಸು ಹತ್ತಿ ಕಾಸರಗೋಡಿಗೆ ಹೋದೆ. ದೊಡ್ಡವರ ಎದುರು ನಿಂತು ಅದರಲ್ಲಿದ್ದ ಮಾತನ್ನೇ ನನ್ನ ಮಾತಿನ ಹಾಗೆ ಹೇಳಿದೆ. ಮೂರು ಸಲ ಹೋದ ಮೇಲೆ ಪುಸ್ತಕ ಬಂತು. ಶಾಲೆಯಲ್ಲಿ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಎಲ್ಲ ನನಗೆ. ಅವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಬರೆದದ್ದು ಇವರು ಅಂತ ನಾನು ಮೈಕಿನಲ್ಲಿ ಹೇಳಲಿಲ್ಲ. ಮರೆತು ಹೋಯಿತು ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ಆದ್ದರಿಂದ ನಿನ್ನ ಗೆಳತಿಗೆ ನನ್ನ ಮೇಲಿನ ಈ ದೂರನ್ನು ಓದಿ ಹೇಳು. ಮುಂದಿನ ಮನವಿ ಬರೆಯುವ ದಿನ ಅವಳನ್ನು ಮನೆಗೆ ಕರೆಸು. ಮಗುವನ್ನು ಅವಳ ಕೈಗೆ ಕೊಡು, ಅತ್ತೆಗೆ ಗಂಜಿ ಕುಡಿಸುವುದನ್ನೂ ಅವಳಿಗೇ ಬಿಡು. ಕೊನೆಯಲ್ಲಿ ಇಬ್ಬರೂ ಸಹಿ ಹಾಕಿ.

ಪ್ರಶ್ನೆ: ಎಲಿಜಬೆತ್–ಸೂಸನ್ ಇಬ್ಬರೂ ಜೀವನಪೂರ್ತಿ ಸ್ನೇಹಿತರು ಅಂತ ಕಾಲೇಜಿನಲ್ಲಿ ಕಲಿತೆವು. ಒಮ್ಮೆಯೂ ಜಗಳ ಆಗಲಿಲ್ವಾ?
– ವಿದ್ಯಾರ್ಥಿ, ಕುಂಬಳೆ

ಉತ್ತರ: ಅರ್ಧ ಶತಮಾನದ ಸ್ನೇಹದಲ್ಲಿ ಜಗಳ ಇಲ್ಲದಿದ್ದರೆ ಒಬ್ಬರು ಬಾಯಿ ಮುಚ್ಚಿಕೊಂಡಿದ್ದರು ಅಂತ ಅರ್ಥ. ಇವರಿಬ್ಬರೂ ಬಾಯಿ ಮುಚ್ಚುವವರಲ್ಲ.

ಒಂದು ಸಂದರ್ಭ ಹೇಳುತ್ತೇನೆ. 1895ರಲ್ಲಿ ಎಲಿಜಬೆತ್, ಬೈಬಲ್ಲಿನಲ್ಲಿ ಹೆಂಗಸನ್ನು ಕೀಳಾಗಿ ಕಂಡದ್ದನ್ನೆಲ್ಲ ಟೀಕಿಸುವ ಪುಸ್ತಕ ತಂದರು. ಮತದಾನದ ಹಕ್ಕಿನ ಕೆಲಸ ಬಿಟ್ಟು ಇದೆಲ್ಲ ಯಾಕೆ ಅಂತ ಸೂಸನ್‌ಗೆ ಅಸಮಾಧಾನ. ಮರುವರ್ಷ ಅವರದೇ ಸಂಘಟನೆಯ ಸಭೆಯಲ್ಲಿ, ಆ ಪುಸ್ತಕಕ್ಕೂ ನಮಗೂ ಸಂಬಂಧವಿಲ್ಲ ಅನ್ನುವ ಠರಾವು ಬಂತು. ಆಗ ಅಧ್ಯಕ್ಷೆ ಸೂಸನ್. ಕುರ್ಚಿ ಬಿಟ್ಟು ಕೆಳಗೆ ಬಂದು ಗೆಳತಿಯ ಪರ ಮಾತನಾಡಿದರು. 53ಕ್ಕೆ 41 ಮತದಿಂದ ಠರಾವು ಪಾಸಾಯಿತು. ರಾಜೀನಾಮೆ ಕೊಡು ಅಂತ ಎಲಿಜಬೆತ್ ಹಠ ಹಿಡಿದರು, ಸೂಸನ್ ಕೊಡಲಿಲ್ಲ. ಮುನಿಸು ಬಂತು, ಹೋಯಿತು.

ಇನ್ನೊಂದು ವಿಷಯದಲ್ಲಿ ಇವರಿಬ್ಬರೂ ಒಂದಾಗಿದ್ದರು, ಅದೇ ತೊಂದರೆ. ಅಂತರ್ಯುದ್ಧ ಮುಗಿದ ಮೇಲೆ ಕರಿಯ ಗಂಡಸರಿಗೆ ಮತ ಕೊಡುವ ತಿದ್ದುಪಡಿ ಬಂತು, ಹೆಂಗಸರನ್ನು ಬಿಟ್ಟು. ಇಬ್ಬರೂ ಅದನ್ನು ವಿರೋಧಿಸಿದರು. ಎಲಿಜಬೆತ್ ಕರಿಯರ ಬಗ್ಗೆ, ವಲಸೆ ಬಂದವರ ಬಗ್ಗೆ ಬಹಳ ಕೀಳು ಮಾತು ಆಡಿದರು, ಬರೆದರು. ಸೆನೆಕಾ ಫಾಲ್ಸಿನಲ್ಲಿ ಇವರ ಪರ ಎದ್ದು ನಿಂತ ಡಗ್ಲಸ್ ಅವರೇ 1869ರ ಸಭೆಯಲ್ಲಿ ಇವರ ಎದುರು ಮಾತನಾಡಬೇಕಾಯಿತು. ಚಳವಳಿ ಎರಡು ಹೋಳಾಯಿತು. 1890ರವರೆಗೆ ಕೂಡಲಿಲ್ಲ. ನನಗೆ ಎಲಿಜಬೆತ್ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಮುಚ್ಚಿಡಲು ಮನಸ್ಸಿಲ್ಲ. ಪರೀಕ್ಷೆಯಲ್ಲಿ ಇದನ್ನೂ ಬರೆ, ಮಾರ್ಕು ಕಡಿಮೆ ಮಾಡಿದರೆ ನನಗೆ ತಿಳಿಸು.

ಎಲಿಜಬೆತ್ ತೀರಿಕೊಂಡದ್ದು 1902ರಲ್ಲಿ, ಸೂಸನ್ 1906ರಲ್ಲಿ. ಅಮೆರಿಕ ದೇಶಕ್ಕೆಲ್ಲ ಹೆಂಗಸರ ಮತದ ಹಕ್ಕು ಬಂದದ್ದು 1920ರಲ್ಲಿ.

ಪ್ರಶ್ನೆ: ನಮ್ಮ ಹೆಂಗಸರಿಗೆ ಮತ ಸಿಕ್ಕಿದ್ದು ಸ್ವಾತಂತ್ರ್ಯದ ನಂತರ ತಾನೇ? ಯಾರೂ ಕೇಳದೆ ಸುಮ್ನೆ ಸಿಕ್ಕಿತು ಅನ್ನುತ್ತಾರೆ ನಮ್ಮ ಮಾವ.
– ಓದುಗಿ, ಮಂಜೇಶ್ವರ

ಉತ್ತರ: ನಿಮ್ಮ ಮಾವನಿಗೆ ನನ್ನ ನಮಸ್ಕಾರ ತಿಳಿಸಿ, ಆಮೇಲೆ ಇದನ್ನು ಓದಿ ಹೇಳಿ.

1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರಕಾರದ ಭಾರತ ಮಂತ್ರಿ ಮಾಂಟೆಗ್ಯೂ ಮದರಾಸಿಗೆ ಬಂದಾಗ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ನಿಯೋಗವೊಂದು ಹೋಗಿ ಮತ ಕೇಳಿತು. ಅದನ್ನು ಸೇರಿಸಿದವರು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್. ತಮ್ಮ ದೇಶದಲ್ಲಿ ಹೆಂಗಸರ ಮತಕ್ಕಾಗಿ ಸಂಘ ಕಟ್ಟಿ, ಜೈಲಿಗೂ ಹೋಗಿ, 1915ರಲ್ಲಿ ಇಲ್ಲಿಗೆ ಬಂದವರು. ಮೊದಲು ಅವರು ಕೇಳಿದ್ದು ಹುಡುಗಿಯರ ಶಿಕ್ಷಣದ ಬಗ್ಗೆ ಮಾತನಾಡಲು ಸಮಯ. ರಾಜಕೀಯ ವಿಷಯಕ್ಕೆ ಮಾತ್ರ ಭೇಟಿ ಅಂತ ಉತ್ತರ ಬಂತು. ಸರಿ, ಹಾಗಾದರೆ ಮತವನ್ನೇ ಕೇಳುತ್ತೇವೆ ಅಂದರು. ಆಫೀಸಿನವರು ಒಮ್ಮೊಮ್ಮೆ ತಿಳಿಯದೆ ಉಪಕಾರ ಮಾಡುತ್ತಾರೆ.

ಬ್ರಿಟಿಷರು ತಾವಾಗಿ ಕೊಡಲಿಲ್ಲ, ಪ್ರಾಂತ್ಯಗಳಿಗೆ ಬಿಟ್ಟರು. 1921ರಲ್ಲಿ ಮದರಾಸು ಎಲ್ಲಕ್ಕಿಂತ ಮೊದಲು ಕೊಟ್ಟಿತು. ನಮ್ಮ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದರಾಸಿನಲ್ಲಿತ್ತು. ಹಾಗಾಗಿ ಇಲ್ಲಿಗೂ ಅದೇ ಕಾನೂನು. ಆದರೆ ಆಸ್ತಿ ಇದ್ದವರಿಗೆ ಮಾತ್ರ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು ನಿಜ, ಯಜಮಾನಿಕೆ ಹೆಚ್ಚಾಗಿ ಸೋದರಮಾವಂದಿರ ಕೈಯಲ್ಲೇ. ಒಟ್ರಾಸಿ ಮತ ಸಿಕ್ಕಿದ ಹೆಂಗಸರು ಬೆರಳೆಣಿಕೆ.

ಮಾರ್ಗರೆಟ್ 1919–20ರಲ್ಲಿ ನಿಮ್ಮ ಪಕ್ಕದ ಮಂಗಳೂರಿನಲ್ಲೇ ಇದ್ದರು, ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯಸ್ಥೆಯಾಗಿ. ಆ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮುಂದೆ ಅವರ ಗೆಳತಿಯಾದರು. ಇಬ್ಬರ ನಡುವೆ ಸುಮಾರು ಇಪ್ಪತ್ತೈದು ವರ್ಷದ ಅಂತರ. ಹೆಂಗಸರು ಚುನಾವಣೆಗೆ ನಿಲ್ಲಬಹುದು ಅಂತ 1926ರಲ್ಲಿ ಆದಾಗ, ನೀನು ನಿಲ್ಲು ಅಂತ ಕಮಲಾದೇವಿಯನ್ನು ಹುರಿದುಂಬಿಸಿದ್ದು ಮಾರ್ಗರೆಟ್. ಪ್ರಚಾರಕ್ಕೆ ಕೆಲವೇ ದಿನ ಸಿಕ್ಕಿತು. ಕಮಲಾದೇವಿಗೆ ಆಗ 23 ವರ್ಷ. ಸ್ವಲ್ಪ ಮತಗಳಲ್ಲಿ ಸೋತರು.

ಎಲ್ಲರಿಗೂ ಮತ ಬಂದದ್ದು ಸಂವಿಧಾನದಿಂದ, ಅಷ್ಟು ನಿಮ್ಮ ಮಾವ ಹೇಳಿದ್ದು ಸರಿ. ಆದರೆ 1951–52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ ಸೇನರು ಅದಕ್ಕೆ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು, ಹೆಚ್ಚಿನವರು ಉತ್ತರದ ರಾಜ್ಯಗಳವರು. ನನ್ನ ಅಜ್ಜಿ ಪಟ್ಟಿಯಲ್ಲಿದ್ದರು. ಅವರ ನಿಜವಾದ ಹೆಸರು ಏನು ಅಂತ ಮನೆಯ ಮಕ್ಕಳಿಗೆ ಗೊತ್ತಾದದ್ದೇ ಆ ಪಟ್ಟಿಯಿಂದ.

ಪ್ರಶ್ನೆ: ಟೀಚರ್, ಹೋರಾಟ ಮಾಡುವವರು ಸೀರೆಯನ್ನೇ ಉಡಬೇಕಾ? ಚೂಡಿದಾರ ಹಾಕಿ ಸಭೆಗೆ ಹೋದರೆ ಹಿರಿಯರು ಮುಖ ಸಿಂಡರಿಸುತ್ತಾರೆ.
– ಓದುಗಿ, ಮುಳ್ಳೇರಿಯ

ಉತ್ತರ: ಇದಕ್ಕೂ ಎಲಿಜಬೆತ್–ಸೂಸನ್ ಅವರದೇ ಕಥೆ ಇದೆ ನೋಡು. ನೆಲ ಗುಡಿಸುವ ಉದ್ದ ಲಂಗ ಬಿಟ್ಟು, ಗಿಡ್ಡ ಲಂಗದ ಕೆಳಗೆ ಸಡಿಲ ಪೈಜಾಮ ಹಾಕುವ ಒಂದು ಉಡುಪು 1851ರಲ್ಲಿ ಬಂತು. ಎಲಿಜಬೆತ್ ಹಾಕಿದರು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ದೀಪ ಹಿಡಿದು ಮೆಟ್ಟಿಲು ಹತ್ತಲು ಹಾಯಾಗುತ್ತದೆ ಅಂತ ಅವರಿಗೆ ಖುಷಿ. ಅಮೀಲಿಯಾ ಬ್ಲೂಮರ್ ಅದನ್ನು ತಮ್ಮ ಪತ್ರಿಕೆಯಲ್ಲಿ ಹೊಗಳಿದ್ದಕ್ಕೆ ಅದಕ್ಕೆ ಬ್ಲೂಮರ್ ಅಂತಲೇ ಹೆಸರಾಯಿತು. ಸೂಸನ್ ಕೂಡ ಸ್ವಲ್ಪ ಕಾಲ ಹಾಕಿದರು. ಬೀದಿಯಲ್ಲಿ ಹುಡುಗರು ಹಿಂದೆ ಬಿದ್ದು ಕೂಗಿದರು. ಸಭೆಗೆ ಬಂದವರೂ ಮಾತು ಬಿಟ್ಟು ಕಾಲು ನೋಡತೊಡಗಿದರು. ಕೊನೆಗೆ ಇಬ್ಬರೂ ಹಳೆಯ ಲಂಗಕ್ಕೇ ಮರಳಿದರು. ಸೂಸನ್‌ಗೆ ಅದು ಬಹಳ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ನಾನು ಕೆಲಸದಲ್ಲಿದ್ದಷ್ಟು ವರ್ಷ ಸೀರೆ. ಮಳೆಗಾಲದಲ್ಲಿ ತೋಡು ದಾಟಿ ಬರುವಾಗ ನೆರಿಗೆ ಮೊಣಕಾಲಿನವರೆಗೆ ಒದ್ದೆ, ಆ ಒದ್ದೆಯಲ್ಲೇ ನಾಲ್ಕು ಪೀರಿಯಡ್ ಪಾಠ. ನಿವೃತ್ತಿಯಾದ ಮರುದಿನ ಕಾಸರಗೋಡಿಗೆ ಹೋಗಿ ಎರಡು ಚೂಡಿದಾರ ಹೊಲಿಯಲು ಕೊಟ್ಟು ಬಂದೆ. ನೀನು ಅಷ್ಟು ವರ್ಷ ಕಾಯಬೇಡ.