ಅಪ್ಪನ ಕೈ ಎಲ್ಲಿಗೆ ಹೋಯಿತು?

ನಮಸ್ಕಾರ.

ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. 1990ರ ಆಸುಪಾಸಿನ ಮಲೆನಾಡು, ನಿಮ್ಮಪ್ಪನ ಪೆಟ್ರೋಲ್ ವಿಲ್ಲೀಸ್ ಜೀಪು, ಅದಕ್ಕೆ ಗುಜರಿಯಿಂದ ತಂದು ಕೂರಿಸಿದ ಹಳೇ ಪ್ಯೂಜೋ ಡೀಸೆಲ್ ಎಂಜಿನ್. ಡೀಸೆಲ್ಲಿನ ಬೆಲೆ ಪೆಟ್ರೋಲಿನ ಅರ್ಧದಷ್ಟಿದ್ದ ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ನಡೆದ ಕತೆ ಇದು. ಮೊದಲ ಪ್ಯಾರಾದ ಮಳೆ ಚೆನ್ನಾಗಿದೆ. ಭಾಷೆಯೂ ಸಲೀಸಾಗಿದೆ. ಆದರೂ ವಾಪಸ್ ಕಳಿಸುತ್ತಿದ್ದೇನೆ.

ಮೂರನೇ ಪುಟ ತೆಗೆಯಿರಿ. 'ಹಳೆಯ ಹೃದಯವನ್ನು ಕಿತ್ತು ಹೊಸ ಹೃದಯವನ್ನು ಕಸಿ ಮಾಡಿದರು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅಷ್ಟೇನಾ? ಎಂಜಿನ್ ಕೂರುವ ಮೌಂಟಿಂಗ್ ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕು. ಹಳೇ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ಬೋಲ್ಟಿನ ತೂತು ಕೂಡುವುದಿಲ್ಲ, ನಡುವೆ ಒಂದು ಪ್ಲೇಟು ಬೇಕು, ಅದಕ್ಕೆ ಲೇತಿನವನ ಹತ್ತಿರ ಅಲೆಯಬೇಕು. ಡೀಸೆಲ್ ಎಂಜಿನ್ನಿಗೆ ಹೋದ ಎಣ್ಣೆಯೆಲ್ಲ ಉರಿಯುವುದಿಲ್ಲ, ಮಿಕ್ಕಿದ್ದು ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತದೆ. ಆ ಪೆಟ್ರೋಲ್ ಟ್ಯಾಂಕಿಗೆ ಅಂಥ ತೂತೇ ಇರಲಿಲ್ಲ. ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಟ್ಯಾಂಕ್ ತೊಳೆದು, ಹೆದರಿಕೊಂಡೇ ಬೆಸುಗೆ ಹಾಕುತ್ತಿದ್ದರು. ಇದನ್ನೆಲ್ಲ ನಿಮ್ಮಪ್ಪ ಪಕ್ಕದಲ್ಲೇ ನಿಂತು ನೋಡಿರುತ್ತಾರೆ. 'ಕಸಿ' ಎಂಬ ಒಂದು ಪದ ಆ ದಿನಗಳನ್ನೆಲ್ಲ ನುಂಗಿಬಿಟ್ಟಿದೆ.

ಮುಂದಿನ ಸಾಲು: 'ಪ್ಲಗ್ಗಿನಿಂದ ಕಿಡಿ ಹಾರಿತು, ಜೀಪು ಜೀವ ತಳೆಯಿತು.' ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ನಿಮ್ಮ ಪ್ಯೂಜೋ ಬರೀ ಗಾಳಿಯನ್ನು 20 ಪಟ್ಟಿಗೂ ಜಾಸ್ತಿ ಒತ್ತುತ್ತದೆ, ಆ ಒತ್ತಡಕ್ಕೇ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಅದರೊಳಗೆ ನಾಝಲ್ ಸಿಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದರಲ್ಲಿರುವುದು ತಣ್ಣಗಿನ ಎಂಜಿನ್ನಿನ ಒಳಗನ್ನು ಕಾಯಿಸುವ ಹೀಟರ್ ಪ್ಲಗ್. ಚಳಿಗಾಲದ ಬೆಳಗ್ಗೆ ಹೀಟರ್ ಒತ್ತಿ ಹಿಡಿದು, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಆಮೇಲೆ ಸೆಲ್ಫ್ ಹೊಡೆಯಬೇಕು. ಅದಕ್ಕೂ ಮುಂಚೆ, ಹೊಸದಾಗಿ ಕೂರಿಸಿದ ದಿನ, ಪೈಪಿನಲ್ಲಿ ಸೇರಿಕೊಂಡ ಏರ್ ತೆಗೆಯಬೇಕು. ಫಿಲ್ಟರಿನ ಸ್ಕ್ರೂ ಸಡಿಲ ಮಾಡಿ ಕೈಪಂಪು ಒತ್ತಿದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಎಣ್ಣೆ. ಅಷ್ಟು ಹೊತ್ತು ಶೆಡ್ಡಿನಲ್ಲಿ ಯಾರೂ ಮಾತಾಡುವುದಿಲ್ಲ. ನಿಮ್ಮ ಕಿಡಿಗಿಂತ ಆ ಮೌನ ದೊಡ್ಡದು ಅಲ್ವಾ?

ನಾನೂ ಹೀಗೇ ಬರೆದವನು. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಸೇರಿ, ಆಲೆಮನೆಯ ಬಗ್ಗೆ ನಾಲ್ಕು ಪುಟ ಬರೆದೆ. ಬೆಲ್ಲದ ಪರಿಮಳ, ಬೆಳದಿಂಗಳು, ಎಲ್ಲ ಇತ್ತು. ಸಂಪಾದಕರು ಓದಿ ಒಂದೇ ಮಾತು ಕೇಳಿದರು: 'ಕೊಪ್ಪರಿಗೆ ಯಾವಾಗ ಇಳಿಸಬೇಕು ಅಂತ ಅವನಿಗೆ ಹೇಗೆ ಗೊತ್ತಾಗುತ್ತಪ್ಪಾ?' ನನಗೆ ಗೊತ್ತಿರಲಿಲ್ಲ. ಬಸ್ಸಿನ ದುಡ್ಡು ಕೈಗಿಟ್ಟು ಕಳಿಸಿದರು. ರಾತ್ರಿಯಿಡೀ ಒಲೆಯ ಪಕ್ಕ ನಿಂತೆ. ಪಾಕ ಕಾಯಿಸುವವನು ಬಿಸಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ತಲೆಯಾಡಿಸಿದ. ಮತ್ತೆ ಬಿಟ್ಟ, ಮತ್ತೆ ತಲೆಯಾಡಿಸಿದ. ಮೂರನೇ ಸಲ 'ಹೂಂ' ಎಂದ. ಆ ಹೂಂಕಾರ ಸೇರಿದ ಮೇಲೇ ಲೇಖನ ಅಚ್ಚಾಯಿತು. ಬೆಳದಿಂಗಳನ್ನು ಅವರೇ ಹೊಡೆದುಹಾಕಿದ್ದರು.

ಈಗ ನಿಮ್ಮ ಕೊನೆಯ ಸಾಲು. ಜೀಪು ಮಾರಿದ ದಿನ, ಅಂಗಳದಲ್ಲಿ: 'ಅಪ್ಪ ಕೀ ತಿರುಗಿಸಿದರು, ಎಂಜಿನ್ ನಿಂತಿತು.' ನಿಲ್ಲುವುದಿಲ್ಲ. ಆ ಕಾಲದ ಹಳೇ ಡೀಸೆಲ್ ಜೀಪಿನಲ್ಲಿ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಆರಿಸಲು ಕಿಡಿಯೇ ಇಲ್ಲವಲ್ಲ! ಎಣ್ಣೆ ಕಟ್ಟಾಗಲು ಸ್ಟಾಪ್ ಕೇಬಲ್ಲಿನ ಗುಬುಟು ಎಳೆದು ಹಿಡಿಯಬೇಕು. ಎಂಜಿನ್ ಗಡಗಡ ನಡುಗುತ್ತದೆ, ಜೀಪಿನ ಮೈಯೆಲ್ಲ ಒಮ್ಮೆ ಅಲುಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಮ್ಮಪ್ಪ ಅವತ್ತು ಅದನ್ನು ಎಳೆದಿದ್ದಾರೆ. ಎಷ್ಟು ಹೊತ್ತು ತಡೆದು ಎಳೆದರು?

ಅಪ್ಪನನ್ನೋ, ಎಂಜಿನ್ ಕೂರಿಸಿದ ಮೇಸ್ತ್ರಿಯನ್ನೋ ಕೇಳಿ. ಆ ಗುಬುಟು ಸ್ಟಿಯರಿಂಗಿನ ಎಡಕ್ಕಿತ್ತಾ, ಬಲಕ್ಕಿತ್ತಾ ಎನ್ನುವುದನ್ನೂ ಕೇಳಿ. ಬರೆದು ನನಗೇ ಕಳಿಸಿ, ಬೇರೆ ಕಡೆ ಕೊಡಬೇಡಿ. ಮಳೆಯ ಪ್ಯಾರಾ ಮಾತ್ರ ಮುಟ್ಟಬೇಡಿ.