ಫ್ರಿಜ್ಜಿನ ಕೀಲಿ ಯಾರ ಬಳಿ ಇದೆ?

ಪ್ರಶ್ನೆ: ಏಳು ತಿಂಗಳ ಗರ್ಭಿಣಿ ನಾನು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆಯೆಂದು ಬಂದಿದೆ. ನನಗೆ ಕಾಮಾಲೆಯೂ ಇಲ್ಲ, ಸುಸ್ತೂ ಇಲ್ಲ. ಮಗುವಿಗೂ ಬರುತ್ತದೆಯೇ? ಸಿಸೇರಿಯನ್ ಮಾಡಿಸಿಕೊಳ್ಳಲೇ? ಎದೆಹಾಲು ಕೊಡಬೇಡ ಎನ್ನುತ್ತಿದ್ದಾರೆ ಅತ್ತೆ.
- ಹೆಸರು ಬೇಡ

ಉತ್ತರ: ಹಾಲು ಕುಡಿಸಿ. ಮಗುವಿಗೆ ಲಸಿಕೆ ಬಿದ್ದಿದ್ದರೆ ಎದೆಹಾಲಿಗೆ ಹೆದರಬೇಕಿಲ್ಲ. ಯಕೃತ್ತಿಗೆ ತಗಲುವ ಈ ವೈರಸ್ ಸೋಂಕೊಂದಕ್ಕಾಗಿಯೇ ಹೊಟ್ಟೆ ಕೊಯ್ಸಿಕೊಳ್ಳುವುದೂ ಬೇಡ.

ಸೋಂಕು ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ತಾಯಿಯ ರಕ್ತ ಮತ್ತು ಸ್ರಾವದಿಂದ. ಏನೂ ಮಾಡದೆ ಬಿಟ್ಟರೆ, ವೈರಸ್ ಚುರುಕಾಗಿರುವ ತಾಯಂದಿರ ಹತ್ತು ಮಕ್ಕಳಲ್ಲಿ ಏಳರಿಂದ ಒಂಬತ್ತಕ್ಕೆ ತಗಲುತ್ತದೆ. ದೊಡ್ಡವರಿಗೆ ತಗಲಿದರೆ ಬಹುತೇಕರ ದೇಹ ಕಾದಾಡಿ ಓಡಿಸುತ್ತದೆ. ಆ ಕಾದಾಟದಲ್ಲೇ ಕಣ್ಣು ಹಳದಿಯಾಗುವುದು. ಹಸುಗೂಸಿನ ದೇಹಕ್ಕೆ ಶತ್ರುವಿನ ಗುರುತೇ ಸಿಗುವುದಿಲ್ಲ. ಹಾಗಾಗಿ ಸೋಂಕು ತಗಲಿದ ಕೂಸುಗಳಲ್ಲಿ ಶೇ. 90ರಷ್ಟರಲ್ಲಿ ಕಾಮಾಲೆಯೂ ಕಾಣದೆ ಅದು ಶಾಶ್ವತವಾಗಿ ಬೀಡು ಬಿಡುತ್ತದೆ. ನಿಮಗೂ ಹೀಗೆಯೇ ಬಂದಿರಬಹುದು. (ಹುಟ್ಟಿದ ಎರಡು ಮೂರನೆಯ ದಿನ ಅನೇಕ ಕೂಸುಗಳು ಹಳದಿಯಾಗುವುದು ಬೇರೆಯೇ ಸಂಗತಿ. ಎರಡನ್ನೂ ಗಂಟು ಹಾಕಿ ಕಂಗಾಲಾಗಬೇಡಿ.)

ಇದನ್ನು ತಡೆಯಬಹುದು, ಆದರೆ ಗಡಿಯಾರ ನೋಡಿಕೊಂಡು. ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು), ಎರಡೂ ಹುಟ್ಟಿದ 12 ಗಂಟೆಯೊಳಗೆ ಬಿದ್ದರೆ ಉತ್ತಮ. ಇಮ್ಯುನೊಗ್ಲಾಬ್ಯುಲಿನ್ ಸಿಗದಿದ್ದರೂ ಲಸಿಕೆಯನ್ನು 24 ಗಂಟೆ ದಾಟಿಸಬೇಡಿ. ನಾನು ಕಿರಿಯ ವೈದ್ಯೆಯಾಗಿದ್ದಾಗ ಒಂದು ಮಗು ಶನಿವಾರ ರಾತ್ರಿ ಹುಟ್ಟಿತು. ಲಸಿಕೆ ಆಸ್ಪತ್ರೆಯಲ್ಲೇ ಇತ್ತು. ಫ್ರಿಜ್ಜಿನ ಕೀಲಿ ಇದ್ದವರು ಮನೆಗೆ ಹೋಗಿದ್ದರು. ಚುಚ್ಚಿದ್ದು ಸೋಮವಾರ. ಆ ಕೀಲಿಯ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನೀವು ಹೆರಿಗೆಗೆ ಮುಂಚೆಯೇ ಹೋಗಿ, 'ರಾತ್ರಿ ಹೆರಿಗೆಯಾದರೆ ಯಾರು ಕೊಡುತ್ತಾರೆ?' ಎಂದು ಕೇಳಿ. ಫೈಲಿನ ಮೇಲೆ 'ಹೆಪಟೈಟಿಸ್ ಬಿ ಪಾಸಿಟಿವ್' ಎಂದು ದಪ್ಪಕ್ಷರದಲ್ಲಿ ಬರೆಸಿ. ನಾಚಿಕೆ ಬೇಡ.

ಈ ವಾರವೇ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿ. ಪ್ರಮಾಣ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ಮೀರಿದ್ದರೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಅದನ್ನು ಸಾಮಾನ್ಯವಾಗಿ 28ನೆಯ ವಾರದ ಸುಮಾರಿಗೆ ಆರಂಭಿಸುವುದರಿಂದ ನಿಮಗೆ ಕಾಯಲು ಸಮಯವಿಲ್ಲ. ಮಗುವಿನ ಉಳಿದ ಡೋಸ್‌ಗಳನ್ನು ತಪ್ಪಿಸಬೇಡಿ. 9ರಿಂದ 12 ತಿಂಗಳ ನಡುವೆ ಅದರ ರಕ್ತಪರೀಕ್ಷೆ ಮಾಡಿಸಿ. ನಿಮ್ಮ ಯಕೃತ್ತಿನ ತಪಾಸಣೆಯೂ ಹೆರಿಗೆಗೆ ಮುಗಿಯುವುದಿಲ್ಲ.

ಪತಿಯ ರಕ್ತವನ್ನೂ ಪರೀಕ್ಷಿಸಿ, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿ. ಜೊತೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ.