ಪ್ರೆಶರ್ ಹೋಸಿಗೆ ಕ್ಲಿಪ್ ಸಾಕಾ?

ನಿಮ್ಮ ಟೆಂಪೊ ಟ್ರಾವೆಲರ್‌ನ ಪವರ್ ಸ್ಟೀರಿಂಗ್ ಪ್ರೆಶರ್ ಹೋಸ್ ಸೋರುತ್ತಿದೆ, ಆ ತುಂಡು ಕತ್ತರಿಸಿ ಕ್ಲಿಪ್ ಬಿಗಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು ಸರ್. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಒತ್ತಡ 1,000 ಪಿಎಸ್‌ಐ ದಾಟುತ್ತದೆ, ಕ್ಲಿಪ್ ಕಿತ್ತು ಬರುತ್ತದೆ. ಬಿಸಿ ಎಂಜಿನ್ ಮೇಲೆ ಎಣ್ಣೆ ಚಿಮ್ಮಿದರೆ ಬೆಂಕಿಯ ಭಯ ಬೇರೆ. ಕ್ಲಿಪ್ ಏನಿದ್ದರೂ ಕಡಿಮೆ ಒತ್ತಡದಲ್ಲಿ ಎಣ್ಣೆ ವಾಪಸ್ ತರುವ ರಿಟರ್ನ್ ಹೋಸಿಗೆ.

ಹೊಸ ಪ್ರೆಶರ್ ಹೋಸನ್ನೇ ಹಾಕಿ, ಜೊತೆಗೆ ಅದರ ಜೋಡಣೆಯ ವಾಷರ್‌ಗಳನ್ನೂ ಬದಲಿಸಿ. ಹಳೆಯ ವಾಷರ್‌ಗಳನ್ನೇ ಹಾಕಿ ನಾನು ಸುಮ್ನೆ ಎರಡು ಸಲ ಬಿಚ್ಚಿದ್ದೇನೆ! ಆಮೇಲೆ ಸ್ಟೀರಿಂಗ್ ಎಣ್ಣೆಯೊಳಗೆ ಸೇರಿದ ಗಾಳಿ ತೆಗೆಯಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಎಂಜಿನ್ ಆಫ್ ಇರಲಿ. ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ 20 ಸಲ ತಿರುಗಿಸಿ, ಡಬ್ಬಿಯಲ್ಲಿ ಎಣ್ಣೆ ಇಳಿದಂತೆ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆಯೇ ಸ್ಟಾರ್ಟ್ ಮಾಡಿ.